ಹಿಮದಲ್ಲಿರುವ ಮಕ್ಕಳಿಗಾಗಿ: ನಿವೃತ್ತ ಸೇನಾ ವೈದ್ಯರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು (ಧಾರವಾಡ): ಕಾಶ್ಮೀರದಲ್ಲಿ ಡಿಸೆಂಬರ್ 21ಕ್ಕೆ ಆರಂಭವಾಗುವ ಚಿಲ್ಲಾ-ಇ-ಕಲಾನ್ ಎಂಬ 40 ದಿನಗಳ ಕಡುಚಳಿ ಮುಗಿದರೂ ಈ ಸಲ ಹಿಮ ಕರಗಿಲ್ಲವೆಂದು ಸೇನೆಯಲ್ಲಿರುವ ನಮ್ಮ ಮಕ್ಕಳು ಹೇಳುತ್ತಿದ್ದಾರೆ. ಎತ್ತರದ ಠಾಣೆಗಳಲ್ಲಿ ಸೇವೆ ಸಲ್ಲಿಸಿ ಈಗ ನಮ್ಮೂರಲ್ಲಿ ನೆಲೆಸಿರುವ ವೈದ್ಯರು ಇಂದು ಉತ್ತರಿಸುತ್ತಾರೆ. ಘಟಕದ ಹೆಸರನ್ನಾಗಲಿ ಠಾಣೆಯ ಜಾಗವನ್ನಾಗಲಿ ಯಾರೂ ಬರೆಯಬಾರದು.

ಸದಸ್ಯರು (ಹುಬ್ಬಳ್ಳಿ): ಮಗನಿಗೆ ಕಳಿಸಲು ಹತ್ತಿಯ ದಪ್ಪ ಕಾಲುಚೀಲ ಕೊಂಡಿದ್ದೇನೆ. ಸಾಕೇ, ಸಾಹೇಬರೇ?

ವೈದ್ಯರು: ಹತ್ತಿ ಬೇಡ. ಅದು ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಒದ್ದೆ ಬಟ್ಟೆ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಉಣ್ಣೆಯದು ಕಳಿಸಿರಿ. ಎರಡು ಜೊತೆ ತೊಟ್ಟು ಬೂಟು ಬಿಗಿಯಾದರೆ ರಕ್ತ ಸಂಚಾರ ನಿಂತು ಹಾನಿಯೇ ಹೆಚ್ಚು.

ಒಬ್ಬ ತಾಯಿ (ನವಲಗುಂದ): ಡಾಕ್ಟರ್ ಸಾಹೇಬರೇ, ಮೊನ್ನೆ ರಾತ್ರಿ ಕಾವಲು ಮುಗಿಸಿ ಬಂದಾಗ ನನ್ನ ಮಗನ ಎಡಗಾಲಿನ ಎರಡು ಬೆರಳು ಮೇಣದಂತೆ ಬಿಳಿಚಿ ಗಟ್ಟಿಯಾಗಿದ್ದವಂತೆ. ಜೊತೆಗಾರರು ಹಿಮದಿಂದಲೇ ತಿಕ್ಕಿದರು, ಆಮೇಲೆ ಬುಖಾರಿಯ (ಕೋಣೆ ಬೆಚ್ಚಗಿಡುವ ಒಲೆಯ) ಮುಂದೆ ಕಾಲು ಚಾಚಿ ಕೂತನು. ಈಗ ರಕ್ತದ ಬಣ್ಣದ ನೀರುಗುಳ್ಳೆ ಎದ್ದಿವೆ. ಮುಂದಿನ ವಾರ ರಜೆ ಇರುವುದರಿಂದ ಯಾರಿಗೂ ಹೇಳುವುದಿಲ್ಲ ಎನ್ನುತ್ತಾನೆ. ಇಲ್ಲಿಂದ ಮುಲಾಮು ಕಳಿಸಲೇ?

ವೈದ್ಯರು: ತಾಯಿ, ಮುಲಾಮಿನ ಮಾತು ಬಿಡಿ, ಮೊದಲು ಅವನಿಗೆ ಫೋನು ಮಾಡಿರಿ. ಇದು ಫ್ರಾಸ್ಟ್‌ಬೈಟ್. ಮೈಯ ಮಾಂಸದೊಳಗಿನ ನೀರೇ ಹೆಪ್ಪುಗಟ್ಟಿ ಹರಳಾಗುವ ಗಾಯವಿದು. ಗುಳ್ಳೆಯ ನೀರು ತಿಳಿಯಾಗಿದ್ದರೆ ಗಾಯ ಹೆಚ್ಚಾಗಿ ಮೇಲ್ಪದರದ್ದು, ರಕ್ತ ಬೆರೆತಿದ್ದರೆ ಆಳಕ್ಕೆ ಇಳಿದಿದೆ ಎಂದು ನಾವು ತಿಳಿಯುತ್ತೇವೆ. ಆದ್ದರಿಂದಲೇ ನನಗೆ ಆತಂಕವಾಗಿದೆ. ಹಿಮದಿಂದ ತಿಕ್ಕಿದ್ದು ಆ ಹರಳುಗಳು ಒಳಗಿನಿಂದ ಮಾಂಸವನ್ನು ಕೊಯ್ಯುವಂತೆ ಮಾಡಿದ ಕೆಲಸ. ಬುಖಾರಿಯ ಮುಂದೆ ಕೂತದ್ದು ಇನ್ನೂ ಅಪಾಯ, ಏಕೆಂದರೆ ಮರಗಟ್ಟಿದ ಬೆರಳು ಸುಟ್ಟರೂ ಉರಿ ತಿಳಿಯುವುದಿಲ್ಲ. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಜಾಗದಲ್ಲಿ 37ರಿಂದ 39 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ನೀರಿನಲ್ಲಿ ಸುಮಾರು ಅರ್ಧ ಗಂಟೆ ಇಳಿಬಿಟ್ಟಿರಬೇಕಾಗಿತ್ತು. ಅದು ಹಸುಗೂಸಿಗೆ ಎರೆಯುವ ನೀರಿನ ಹದ. ಆ ಹೊತ್ತು ಈಗ ಕಳೆದಿದೆ. ಕರಗಿದ ಬೆರಳು ಇನ್ನೊಮ್ಮೆ ಹೆಪ್ಪುಗಟ್ಟಿದರೆ ಮೊದಲ ಸಲಕ್ಕಿಂತ ಹೆಚ್ಚು ಕೆಡುತ್ತದೆ, ಆದ್ದರಿಂದ ಇಂದು ರಾತ್ರಿ ಅವನು ಮತ್ತೆ ಕಾವಲಿಗೆ ಹೋಗಕೂಡದು. ಗುಳ್ಳೆ ಒಡೆಯಬಾರದು, ಆ ಕಾಲಿನ ಮೇಲೆ ಭಾರ ಹಾಕಿ ನಡೆಯಬಾರದು, ಬೆರಳುಗಳ ನಡುವೆ ಒಣ ಗಾಜ್ ಬಟ್ಟೆ ಇಡಬೇಕು, ಬೀಡಿ ಸಿಗರೇಟು ಸೇದಿದರೆ ರಕ್ತನಾಳ ಕುಗ್ಗುವುದರಿಂದ ಅದನ್ನು ಮುಟ್ಟಲೇಬಾರದು. ರಕ್ತದ ಗಡ್ಡೆ ಕರಗಿಸುವ ಔಷಧ ಮೊದಲ 24 ಗಂಟೆಯೊಳಗೆ ಕೊಟ್ಟರೆ ಮಾತ್ರ ಫಲ, ಅದು ಮೀರಿತು. ಉಳಿದ ಚಿಕಿತ್ಸೆಗಾದರೂ ಅವನು ಈಗಲೇ ತನ್ನ ವೈದ್ಯಾಧಿಕಾರಿಯ ಮುಂದೆ ನಿಲ್ಲಲಿ. ರಜೆ ಹೋಗುತ್ತದೆಂದು ಕಾಲು ಮುಚ್ಚಿಟ್ಟ ಹುಡುಗರನ್ನು ನಾನು ಕಂಡಿದ್ದೇನೆ. ಅವರಲ್ಲಿ ಕೆಲವರು ಬೆರಳಿಲ್ಲದೆ ಊರಿಗೆ ಮರಳಿದರು.

ಸದಸ್ಯರು (ಗದಗ): ಸಾಸಿವೆ ಎಣ್ಣೆಗೆ ಕರ್ಪೂರ ಹಾಕಿ ತಿಕ್ಕಿ, ಕಾಲುಚೀಲದಲ್ಲಿ ಈರುಳ್ಳಿ ಹೋಳು ಇಟ್ಟರೆ ರಾತ್ರಿಯೊಳಗೆ ಗುಣವಾಗುತ್ತದೆಂಬ ಸಂದೇಶ ಬಂದಿದೆ. ಆ ತಾಯಿಗೆ ಉಪಯೋಗವಾಗಲಿ.

ವೈದ್ಯರು: ಉಪಯೋಗವಾಗುವುದಿಲ್ಲ. ತಿಕ್ಕಬಾರದೆಂದು ಈಗಷ್ಟೇ ಬರೆದಿದ್ದೇನೆ. ದಯವಿಟ್ಟು ಆ ಸಂದೇಶವನ್ನು ಅಳಿಸಿರಿ.

ಸದಸ್ಯರು (ರಾಣೆಬೆನ್ನೂರು): ಸೊಸೆಗೆ ಏಳು ತಿಂಗಳು. ಗಂಡ ಇರುವ ಶ್ರೀನಗರಕ್ಕೆ ಈ ಚಳಿಯಲ್ಲಿ ಕಳಿಸಬಹುದೇ, ಸಾಹೇಬರೇ?

ಸದಸ್ಯರು (ಕುಂದಗೋಳ): ಒಂದೆರಡು ಗುಟುಕು ರಮ್ ಕುಡಿದರೆ ಮೈ ಬೆಚ್ಚಗಾಗುತ್ತದೆ. ಸೈನ್ಯದಲ್ಲೇ ಕೊಡುತ್ತಾರಲ್ಲ!

ನಿವೃತ್ತ ಸುಬೇದಾರರು (ಹಾವೇರಿ): ಕೊಡುವುದು ನಿಜ. ಆದರೆ ಕಾವಲಿಗೆ ಹೊರಡುವವನು ಕುಡಿದು ಹೊರಡುವುದಿಲ್ಲ. ತಿಳಿಯದ ವಿಷಯಕ್ಕೆ ಸೈನ್ಯದ ಹೆಸರನ್ನು ಎಳೆಯಬೇಡಿ.

ಸದಸ್ಯರು (ಕುಂದಗೋಳ): ನನ್ನ ಅಣ್ಣನೂ ಇಪ್ಪತ್ತು ವರ್ಷ ಸೇವೆ ಮಾಡಿದವನು. ತಿಳಿಯದವನೆಂದು ಹೇಳಲು ನೀವು ಯಾರು?

ವೈದ್ಯರು: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಡಲಿನ ಶಾಖ ಚರ್ಮಕ್ಕೆ ಬರುವುದರಿಂದ ಬೆಚ್ಚಗೆನಿಸುತ್ತದೆ, ಅದೇ ಶಾಖ ಹೊರಗೆ ಹೋಗುತ್ತದೆ. ಒಡಲಿನ ಉಷ್ಣ 35 ಡಿಗ್ರಿಗಿಂತ ಇಳಿದರೆ ಅದು ಹೈಪೋಥರ್ಮಿಯಾ. ಸುಮಾರು 32ಕ್ಕಿಂತ ಕೆಳಗೆ ನಡುಕವೂ ನಿಲ್ಲುತ್ತದೆ. ನಡುಕ ನಿಂತಿತು, ಸುಧಾರಿಸಿದ ಎಂದು ಯಾರೂ ತಿಳಿಯಬಾರದು.

ಸದಸ್ಯರು (ಹುಬ್ಬಳ್ಳಿ): ಹಿಮದಲ್ಲಿ ಹೂತರೂ ಪ್ರಾಣಾಯಾಮ ಮಾಡಿದರೆ ಆರು ದಿನ ಬದುಕಬಹುದು, ನಮ್ಮ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರೇ ಸಾಕ್ಷಿ ಎಂಬ ವಿಡಿಯೋ ಹಾಕಿದ್ದೇನೆ, ನೋಡಿ.

ಸದಸ್ಯರು (ಕುಂದಗೋಳ): ಅದು ಸತ್ಯವೇ. ಯೋಗದ ಬಲವನ್ನು ಈ ಡಾಕ್ಟರುಗಳು ಒಪ್ಪುವುದಿಲ್ಲ.

ನಿವೃತ್ತ ಸುಬೇದಾರರು (ಹಾವೇರಿ): ಈ ಬಳಗದಲ್ಲಿ ಮಕ್ಕಳನ್ನು ಕಳೆದುಕೊಂಡವರಿದ್ದಾರೆ. ಹಾಗಾದರೆ ಅವರ ಮಕ್ಕಳಿಗೆ ಉಸಿರಾಡಲು ಬರುತ್ತಿರಲಿಲ್ಲವೇ?

ವೈದ್ಯರು: 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,000 ಅಡಿಗೂ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಜನ ಹೂತುಹೋದರು. 8ರಂದು ಹನುಮಂತಪ್ಪನವರೊಬ್ಬರೇ ಜೀವಂತವಾಗಿ ಸಿಕ್ಕರು, 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಿಮದಡಿ ಹೂತವರಲ್ಲಿ ಹೆಚ್ಚಿನವರು ಸಾಯುವುದು ಉಸಿರು ಕಟ್ಟಿ, ಅದೂ ಅರ್ಧ ಗಂಟೆಯೊಳಗೆ. ಗಾಳಿ ಉಳಿದ ಪೊಳ್ಳು ಜಾಗ ಸಿಕ್ಕವನಿಗಷ್ಟೇ ಅವಕಾಶ. ಅವರ ಸಹನೆಗೆ ನಾನು ತಲೆಬಾಗುತ್ತೇನೆ, ಅವರ ಹೆಸರಿನಲ್ಲಿ ಸುಳ್ಳು ಧೈರ್ಯ ಹಂಚುವುದನ್ನು ಒಪ್ಪಲಾರೆ.

ಸದಸ್ಯರು (ಧಾರವಾಡ): ತಮ್ಮ ಶಿಮ್ಲಾದಲ್ಲಿ ಬಾಡಿಗೆ ಕೋಣೆಯಲ್ಲಿದ್ದಾನೆ. ರಾತ್ರಿ ಬಾಗಿಲು ಕಿಟಕಿ ಮುಚ್ಚಿ ಇದ್ದಿಲ ಒಲೆ ಇಟ್ಟುಕೊಂಡು ಮಲಗುತ್ತಾನೆ. ತೊಂದರೆಯಿಲ್ಲವಷ್ಟೇ?

ವೈದ್ಯರು: ತೊಂದರೆಯಿದೆ, ಸಾಯಬಹುದು. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಆಮ್ಲಜನಕಕ್ಕಿಂತ 200 ಪಟ್ಟು ಮೀರಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಬೆಳಗ್ಗೆ ತಲೆನೋವು, ವಾಕರಿಕೆ ಇದ್ದರೆ ಅದು ಚಳಿಯ ತಲೆನೋವಲ್ಲ. ಮಲಗುವ ಮುನ್ನ ಒಲೆಯನ್ನು ಹೊರಗಿಡಲು ಈಗಲೇ ಹೇಳಿರಿ.

ಸದಸ್ಯರು (ಹಾನಗಲ್): ಬಿಸಿಲಿದ್ದರೂ ಹಿಮ ಏಕೆ ಕರಗುವುದಿಲ್ಲ?

ಭೂಗೋಳ ಶಿಕ್ಷಕರು (ಗದಗ): ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ಶೇಕಡಾ 80ಕ್ಕೂ ಹೆಚ್ಚನ್ನು ಹಿಂದಕ್ಕೆ ಎಸೆಯುತ್ತದೆ. ಹಗಲು ಕರಗಿದ ತುಸು ನೀರು ರಾತ್ರಿ ಮತ್ತೆ ಗಾಜಿನಂಥ ಮಂಜುಗಡ್ಡೆಯಾಗಿ ರಸ್ತೆಗೆ ಅಂಟುತ್ತದೆ.

ವೈದ್ಯರು: ಹಿಂದಕ್ಕೆ ಬರುವ ಆ ಬೆಳಕೇ ಕಣ್ಣನ್ನು ಸುಡುತ್ತದೆ. ಕಪ್ಪು ಕನ್ನಡಕ ಬೇಕು.

ಸದಸ್ಯರು (ರಾಣೆಬೆನ್ನೂರು): ಸಾಹೇಬರೇ, ನನ್ನ ಸೊಸೆಯ ವಿಷಯ?

ಸದಸ್ಯರು (ಲಕ್ಷ್ಮೇಶ್ವರ): ಗಾಯಕ್ಕೆ ಸಾಸಿವೆ ಎಣ್ಣೆ ಹಚ್ಚಬಹುದೇ?

ವೈದ್ಯರು: ಮೇಲೆ ಓದಿರಿ.

ಸದಸ್ಯರು (ಕುಂದಗೋಳ): ಬಡವರು ಕೇಳಿದರೆ ಹೀಗೆ ಉತ್ತರಿಸುವುದೇ?

ನಿರ್ವಾಹಕರು (ಧಾರವಾಡ): ಇನ್ನೊಂದು ವಾದ ಬಂದರೆ ಬಳಗವನ್ನು ಮುಚ್ಚುತ್ತೇನೆ.

ಒಬ್ಬ ತಾಯಿ (ನವಲಗುಂದ): ಮಗ ವೈದ್ಯಾಧಿಕಾರಿಗೆ ತೋರಿಸಿದ್ದಾನೆ, ಕೆಳಗಿನ ಆಸ್ಪತ್ರೆಗೆ ಇಳಿಸುತ್ತಿದ್ದಾರೆ. ಒಂದು ಬೆರಳ ತುದಿ ಕಪ್ಪಾಗಿದೆಯಂತೆ. ಕತ್ತರಿಸುತ್ತಾರೆಯೇ?

ವೈದ್ಯರು: ಅವಸರದಲ್ಲಿ ಕತ್ತರಿಸುವುದಿಲ್ಲ, ತಾಯಿ. ಸೋಂಕು ತಗಲದಿದ್ದರೆ ಸತ್ತ ಭಾಗ ಯಾವುದು, ಬದುಕಿದ್ದು ಯಾವುದು ಎಂಬ ಗೆರೆ ತಾನಾಗಿ ಮೂಡುವವರೆಗೆ ವಾರಗಟ್ಟಲೆ, ಒಮ್ಮೊಮ್ಮೆ ಎರಡು ಮೂರು ತಿಂಗಳು ಕಾಯುತ್ತೇವೆ. ಕಪ್ಪು ಸಿಪ್ಪೆಯ ಕೆಳಗೆ ಕೆಂಪು ಚರ್ಮ ಬಂದದ್ದನ್ನು ನಾನು ನೋಡಿದ್ದೇನೆ. ಜ್ವರ ಬಂದರೆ, ಗಾಯ ನಾರಿದರೆ ಅಲ್ಲಿಯ ವೈದ್ಯರಿಗೆ ಕೂಡಲೇ ಹೇಳಲಿ. ನಾಳೆ ಬೆಳಗ್ಗೆ ಅವನೊಂದಿಗೆ ಮಾತನಾಡಿ, ಬೆರಳಿಗೆ ಸ್ಪರ್ಶ ತಿಳಿಯುತ್ತಿದೆಯೇ ಎಂದು ಕೇಳಿ ನನಗೆ ನೇರವಾಗಿ ಬರೆಯಿರಿ.