ಅಡ್ವೆಂಟ್ ದೀಪಗಳನ್ನು ವಾರಕ್ಕೊಂದರಂತೆ ಹಚ್ಚುವುದೇಕೆ?

ಪ್ರಶ್ನೆ (ಡ್ರೆಸ್ಡನ್)

ನಾವು ಧಾರವಾಡದವರು, ಈಚೆಗೆ ಜರ್ಮನಿಯ ಡ್ರೆಸ್ಡನ್ನಿಗೆ ಬಂದು ನೆಲೆಸಿದ್ದೇವೆ. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ. ಆಗ ಓಣಿಯ ಕಿಟಕಿಗಳಲ್ಲಿ ಕಮಾನಿನಂತೆ ಬಾಗಿದ, ಏಳು ದೀಪಗಳ ಮರದ ಚೌಕಟ್ಟುಗಳು ಬೆಳಗತೊಡಗುತ್ತವೆ. ಅವನ್ನು ನೋಡಲೆಂದೇ ನನ್ನ ಆರು ವರ್ಷದ ಮಗಳು ಶಾಲೆಯಿಂದ ಬರುವಾಗ ದಿನವೂ ಸುತ್ತುದಾರಿ ಹಿಡಿಯುತ್ತಾಳೆ. ಪಕ್ಕದ ಮನೆಯ ಅಜ್ಜಿ ನಮಗೆ ಹಸಿರು ಕೊಂಬೆಗಳನ್ನು ಸುತ್ತಿದ ಚಕ್ರವೊಂದನ್ನು ಕೊಟ್ಟು, ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಅಡ್ವೆಂಟ್ ಕಾಲದಲ್ಲಿ ಅದರ ಮೇಲಿನ ನಾಲ್ಕು ಮೇಣದಬತ್ತಿಗಳಲ್ಲಿ ಭಾನುವಾರಕ್ಕೆ ಒಂದನ್ನು ಮಾತ್ರ ಹೊಸದಾಗಿ ಹಚ್ಚಬೇಕೆಂದು ಹೇಳಿದ್ದಾರೆ. ದೀಪಾವಳಿಗೆ ಸಾಲುಸಾಲು ಹಣತೆ ಹಚ್ಚಿ ಬೆಳೆದ ನಮಗೆ ಈ ಜಿಪುಣತನ ಅರ್ಥವಾಗಲಿಲ್ಲ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಹ್ಯಾಂಬರ್ಗ್)

ಅದು ಜಿಪುಣತನವಲ್ಲ, ದಿನ ಎಣಿಸುವ ಬಗೆ. ಹ್ಯಾಂಬರ್ಗಿನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಶ್ ವಿಶೆರ್ನ್ ಅವರು, ಕ್ರಿಸ್‌ಮಸ್ಸಿಗೆ ಇನ್ನೆಷ್ಟು ದಿನ ಎಂದು ಎಡೆಬಿಡದೆ ಕೇಳುತ್ತಿದ್ದ ಮಕ್ಕಳಿಗಾಗಿ, 1839ರಲ್ಲಿ ಗಾಡಿಯ ಹಳೆಯ ಗಾಲಿಯೊಂದರ ಮೇಲೆ ವಾರದ ದಿನಗಳಿಗೆಂದು 20 ಸಣ್ಣ ಕೆಂಪು ಬತ್ತಿಗಳನ್ನೂ ಭಾನುವಾರಗಳಿಗೆಂದು 4 ದೊಡ್ಡ ಬಿಳಿ ಬತ್ತಿಗಳನ್ನೂ ನಿಲ್ಲಿಸಿದರು. ಆ ವರ್ಷ ಅಡ್ವೆಂಟಿನ ಮೊದಲ ಭಾನುವಾರ ಡಿಸೆಂಬರ್ 1ರಂದೇ ಬಂದಿದ್ದರಿಂದ ಲೆಕ್ಕ ಸರಿಯಾಗಿ 24 ಆಯಿತು. ಈ ಅವಧಿ ವರ್ಷದಿಂದ ವರ್ಷಕ್ಕೆ 22ರಿಂದ 28 ದಿನಗಳವರೆಗೆ ಬದಲಾಗುತ್ತದೆ. ಮನೆಗಳಲ್ಲಿ ಉಳಿದುಕೊಂಡದ್ದು ಭಾನುವಾರದ ನಾಲ್ಕು ಬತ್ತಿಗಳು ಮಾತ್ರ. ನಾಲ್ಕನೆಯ ವಾರ ಮಗಳನ್ನು ಹತ್ತಿರ ಕೂರಿಸಿಕೊಂಡು ನೋಡಿ: ಮೊದಲ ಬತ್ತಿ ಕರಗಿ ಗಿಡ್ಡಾಗಿರುತ್ತದೆ, ಕೊನೆಯದು ಇನ್ನೂ ಎತ್ತರವಾಗಿರುತ್ತದೆ, ನಡುವಿನವು ಮೆಟ್ಟಿಲಿನಂತೆ ಇರುತ್ತವೆ. ಅಷ್ಟರಲ್ಲಿ ಕೊಂಬೆಗಳು ಒಣಗಿ ಬೇಗ ಹೊತ್ತಿಕೊಳ್ಳುವಂತಾಗಿರುತ್ತವೆ. ಆದ್ದರಿಂದ ಉರಿಯುವ ಬತ್ತಿಯನ್ನು ಬಿಟ್ಟು ಏಳಬೇಡಿ.

ಉತ್ತರ 2 (ಕೆಮ್ನಿಟ್ಸ್)

ಕಿಟಕಿಯ ಕಮಾನು ನಿಮ್ಮ ರಾಜ್ಯವಾದ ಸ್ಯಾಕ್ಸನಿಯ ದಕ್ಷಿಣದ ಗಣಿ ಬೆಟ್ಟಗಳಿಂದ ಬಂದದ್ದು. ಚಳಿಗಾಲದಲ್ಲಿ ಬೆಳಕು ಹರಿಯುವ ಮೊದಲೇ ಗಣಿಗೆ ಇಳಿದು, ಕತ್ತಲಾದ ಮೇಲೆ ಮೇಲೆ ಬರುತ್ತಿದ್ದವರಿಗೆ ಹಗಲಿನ ದರ್ಶನವೇ ಅಪರೂಪವಾಗಿತ್ತು. ಅಲ್ಲಿನ ಮನೆಗಳಲ್ಲಿ ಗಂಡುಮಗುವಿಗೊಂದು ಗಣಿಗಾರನ ಗೊಂಬೆ, ಹೆಣ್ಣುಮಗುವಿಗೊಂದು ದೇವದೂತೆಯ ಗೊಂಬೆ ಎಂದು ದೀಪ ಹಿಡಿಸಿ ಕಿಟಕಿಯಲ್ಲಿ ಇಡುವ ವಾಡಿಕೆಯೂ ಇದೆ. ನಿಮ್ಮ ಮಗಳಿಗೆ ದೇವದೂತೆಯನ್ನು ತನ್ನಿ.

ಉತ್ತರ 3 (ಮಂಗಳೂರು)

ನಮ್ಮ ಕಥೊಲಿಕ ಚರ್ಚುಗಳಲ್ಲಿ ಅಡ್ವೆಂಟನ್ನು ಆಗಮನ ಕಾಲ ಎನ್ನುತ್ತೇವೆ. ಮೂರು ಬತ್ತಿಗಳು ನೇರಳೆ. ಮೂರನೆಯ ಭಾನುವಾರದ್ದು ಮಾತ್ರ ಗುಲಾಬಿ, ಏಕೆಂದರೆ ಅದು ಸಂತೋಷಪಡಿರಿ ಎಂದು ಕರೆಕೊಡುವ ದಿನ. ನನಗೆ ಮಾತ್ರ ಬಾಲ್ಯದ ಬೆರಗೆಂದರೆ, ಅಪ್ಪ ಬಿದಿರಿನ ಸೀಳುಗಳಿಗೆ ಬಣ್ಣದ ಕಾಗದ ಅಂಟಿಸಿ, ಒಳಗೊಂದು ಬಲ್ಬು ಇಳಿಬಿಟ್ಟು ಅಂಗಳದಲ್ಲಿ ತೂಗುಹಾಕುತ್ತಿದ್ದ ನಕ್ಷತ್ರವೇ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯನ್ನು ಮೊದಲೇ ಕಟ್ಟಿದರೂ ಬಾಲಯೇಸುವಿನ ಜಾಗ 24ರ ರಾತ್ರಿಯವರೆಗೆ ಬರಿದಾಗಿಯೇ ಇರುತ್ತಿತ್ತು. ನಾನು ದಿನಕ್ಕೆ ಹತ್ತು ಸಲ ಹೋಗಿ ಇಣುಕುತ್ತಿದ್ದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಎರಡನೆಯ ಬತ್ತಿ ಹಚ್ಚಿದೆವು. ಮೂರನೆಯದನ್ನೂ ಹಚ್ಚೋಣವೆಂದು ನಾನೇ ಹೇಳಿದೆ. ಮಗಳು ಬೆಂಕಿಪೊಟ್ಟಣವನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.