ಕಜ್ಜಾಯ ತಿನ್ನಲು ಉಪವಾಸ ಬೇಡ

ಗುಂಪು: ಹಿರಿಮನೆ

ಸರೋಜ ದೊಡ್ಡಮ್ಮ: (ಬೇರೆಡೆಯಿಂದ ಬಂದ ಸಂದೇಶ) "ದೀಪಾವಳಿಯಲ್ಲಿ ತೂಕ ಏರದಿರಲು ಸುಲಭ ದಾರಿ! ಹಿಂದಿನ ರಾತ್ರಿ ಊಟ ಬಿಡಿ. ಹಬ್ಬದ ಬೆಳಗ್ಗೆ ಬಿಸಿನೀರಿಗೆ ಜೇನು, ನಿಂಬೆರಸ ಬೆರೆಸಿ ಕುಡಿಯಿರಿ, ಕೊಬ್ಬು ಕರಗುತ್ತದೆ. ಮಧ್ಯಾಹ್ನ ಮನಸಾರೆ ಉಣ್ಣಿ. ಬೆಲ್ಲದ ಸಿಹಿಯನ್ನು ಸಕ್ಕರೆ ಕಾಯಿಲೆಯವರೂ ತಿನ್ನಬಹುದು."

ಸರೋಜ ದೊಡ್ಡಮ್ಮ: ಪಾಡ್ಯದ ದಿನ ಇಪ್ಪತ್ತೆರಡು ಎಲೆ ಹಾಕಬೇಕು. ಎಲ್ಲರೂ ಹೀಗೆ ಮಾಡಿಕೊಂಡು ಬಂದರೆ ಯಾರೂ ತೂಕದ ಚಿಂತೆ ಮಾಡಬೇಕಾಗಿಲ್ಲ.

ಶ್ರೀಧರ ಚಿಕ್ಕಪ್ಪ: ಒಳ್ಳೆಯದಾಯಿತು ಅತ್ತಿಗೆ. ನಾನಂತೂ ಪೂಜೆ ಮುಗಿಯುವ ತನಕ ಏನೂ ತಿನ್ನುವುದಿಲ್ಲ.

ನಾನು: ದೊಡ್ಡಮ್ಮ, ದಯವಿಟ್ಟು ಇದನ್ನು ಗುಂಪಿನಿಂದ ಅಳಿಸಿಬಿಡಿ.

ಸರೋಜ ದೊಡ್ಡಮ್ಮ: ಅಳಿಸುವಂಥದ್ದು ಏನಿದೆ ವಿದ್ಯಾ? ನಮ್ಮ ಅತ್ತೆಯವರು ಒಂದು ಏಕಾದಶಿಯನ್ನೂ ತಪ್ಪಿಸಲಿಲ್ಲ. ಎಂಬತ್ತೆಂಟರವರೆಗೂ ಗಟ್ಟಿಯಾಗಿದ್ದರು.

ನಾನು: ಅಜ್ಜಿಯ ಉಪವಾಸವೇ ಬೇರೆ. ಮರುದಿನ ಪಾರಣೆಗೆ ಅವರು ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿಯ ಗೊಜ್ಜು ಮಾಡುತ್ತಿದ್ದರು. ಮರುದಿನ ಎರಡು ಪಾಲು ಉಣ್ಣಲೆಂದು ಅವರು ಎಂದೂ ಹಸಿದಿರಲಿಲ್ಲ. ಈ ಸಂದೇಶ ಹೇಳುತ್ತಿರುವುದು ಹಸಿದು ಬಂದು ಉಣ್ಣಿ ಎಂದು. ಹದಿನೈದು ಗಂಟೆ ಖಾಲಿ ಹೊಟ್ಟೆಯಲ್ಲಿದ್ದು ಎಲೆಯ ಮುಂದೆ ಕುಳಿತವರ ಕೈ ಕೋಸಂಬರಿಗೆ ಹೋಗುವುದಿಲ್ಲ, ನೇರವಾಗಿ ಕಜ್ಜಾಯಕ್ಕೆ ಹೋಗುತ್ತದೆ. ಸಾಕು ಎಂದು ಹೊಟ್ಟೆ ಹೇಳುವ ಹೊತ್ತಿಗೆ ನಾಲ್ಕು ಖಾಲಿಯಾಗಿರುತ್ತವೆ.

ದೊಡ್ಡಪ್ಪ: ವರ್ಷಕ್ಕೊಂದು ಹಬ್ಬ. ಅದರಲ್ಲೂ ಲೆಕ್ಕ ಹಾಕಬೇಕೇ?

ನಾನು: ಲೆಕ್ಕ ಬೇಡ ದೊಡ್ಡಪ್ಪ. ನನ್ನ ಮಾತು ಶ್ರೀಧರ ಚಿಕ್ಕಪ್ಪನಿಗೆ. ಈ ಸಲ ಗೌರಿ ಹಬ್ಬದಲ್ಲಿ ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನು ಅಪ್ಪ ಯಾರಿಗೂ ಹೇಳಿಲ್ಲ, ನಾನು ಹೇಳುತ್ತೇನೆ. ಬೆಳಗ್ಗೆ ಎಂಟಕ್ಕೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದರು, ಮಡಿ ಎಂದು ತಿಂಡಿ ಬಿಟ್ಟರು. ಪೂಜೆ ಮುಗಿಯುವಾಗ ಒಂದೂವರೆ. ಮಂಗಳಾರತಿಯ ತಟ್ಟೆ ಹಿಡಿದ ಕೈ ನಡುಗುತ್ತಿತ್ತು, ಶಲ್ಯ ಬೆವರಿನಿಂದ ಒದ್ದೆಯಾಗಿತ್ತು, ನನ್ನನ್ನು ಅಮ್ಮನ ಹೆಸರಿನಿಂದ ಕರೆದರು. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ 58. ಎಪ್ಪತ್ತಕ್ಕಿಂತ ಕೆಳಗಿಳಿದರೆ ಅಪಾಯ ಶುರು. ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ ಕಾಲು ಗಂಟೆ ಕಾದೆವು. ಆ ಕಾಲು ಗಂಟೆ ನಾನು ಅವರ ಕೈ ಬಿಡಲಿಲ್ಲ.

ನಾನು: ಚಿಕ್ಕಪ್ಪ, ನೀವೂ ಅದೇ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು. ಅದು ಮೇದೋಜ್ಜೀರಕ ಗ್ರಂಥಿಯಿಂದ ಸಕ್ಕರೆ ಇಳಿಸುವ ಇನ್ಸುಲಿನ್ ಹೊರಡಿಸುತ್ತದೆ. ಹೊಟ್ಟೆಯಲ್ಲಿ ಅನ್ನ ಇದೆಯೋ ಇಲ್ಲವೋ ಅದಕ್ಕೆ ತಿಳಿಯದು. ಉಪವಾಸ ಮಾಡಲೇಬೇಕೆಂದಿದ್ದರೆ ಮಾತ್ರೆಯ ವಿಷಯ ಮೊದಲು ನಿಮ್ಮ ವೈದ್ಯರನ್ನು ಕೇಳಿ. ಇಲ್ಲವಾದರೆ ಎರಡು ಇಡ್ಲಿ ತಿಂದು ಪೂಜೆಗೆ ಕುಳಿತುಕೊಳ್ಳಿ.

ಶ್ರೀಧರ ಚಿಕ್ಕಪ್ಪ: ಅಣ್ಣ ನನಗೆ ಒಂದು ಮಾತು ಹೇಳಲಿಲ್ಲವಲ್ಲ.

ಸರೋಜ ದೊಡ್ಡಮ್ಮ: ಅಯ್ಯೋ, ಇದು ನನಗೂ ಗೊತ್ತಿರಲಿಲ್ಲ. ಬೆಲ್ಲದ ಮಾತಾದರೂ ನಿಜ ತಾನೇ?

ನಾನು: ಅದೂ ಅಲ್ಲ ದೊಡ್ಡಮ್ಮ. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯಲ್ಲಿರುವ ಸುಕ್ರೋಸೇ. ರಕ್ತದಲ್ಲಿ ಸಕ್ಕರೆಯನ್ನು ಅದೂ ಹಾಗೆಯೇ ಏರಿಸುತ್ತದೆ. ಜೇನು ಬೆರೆಸಿದ ಬಿಸಿನೀರು ಕೊಬ್ಬು ಕರಗಿಸುವುದಿಲ್ಲ, ಒಂದು ಚಮಚ ಜೇನಿನ ಸಿಹಿ ಒಳಗೆ ಹೋಗುತ್ತದೆ ಅಷ್ಟೆ.

ಕಿರಣ: ಅಮೆರಿಕದಿಂದ ನನ್ನದೂ ಒಂದು ಮಾತು. ಇಲ್ಲಿ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್‌ನಿಂದ ಹೊಸ ವರ್ಷದವರೆಗೆ ಊಟವೋ ಊಟ. 195 ಮಂದಿಯ ತೂಕ ನೋಡಿದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಗಿತ್ತು. ಆ ಅವಧಿಯಲ್ಲಿ ಏರಿದ್ದು ಸರಾಸರಿ 370 ಗ್ರಾಂ ಮಾತ್ರ. ದೊಡ್ಡಪ್ಪ ಹೇಳುವುದರಲ್ಲಿ ಹುರುಳಿದೆ.

ನಾನು: ಮುಂದಿನ ಸಾಲನ್ನೂ ಓದು ಕಿರಣ. ಏರಿದ ಆ ತೂಕ ಮುಂದಿನ ಬೇಸಿಗೆಗೂ ಇಳಿದಿರಲಿಲ್ಲ. ಪ್ರತಿ ವರ್ಷ ಅಷ್ಟಷ್ಟೇ ಸೇರುತ್ತಾ ಹೋದರೆ?

ನಾನು: ಆದರೂ ದೊಡ್ಡಪ್ಪನ ಮಾತನ್ನು ಅರ್ಧ ಒಪ್ಪುತ್ತೇನೆ. ಒಂದು ಮಧ್ಯಾಹ್ನದ ಊಟ ಯಾರನ್ನೂ ದಪ್ಪ ಮಾಡುವುದಿಲ್ಲ. ದಪ್ಪ ಮಾಡುವುದು ಆಮೇಲಿನ ಎರಡು ವಾರ. ಅಡುಗೆಮನೆಯ ಕಟ್ಟೆಯ ಮೇಲೆ ಕಚೇರಿಯಿಂದ ಬಂದ ಮೈಸೂರು ಪಾಕಿನ ಪೆಟ್ಟಿಗೆ, ಪಕ್ಕದ ಮನೆಯ ಚಕ್ಕುಲಿಯ ಡಬ್ಬಿ. ಹೋಗುವಾಗೊಂದು ಬರುವಾಗೊಂದು ಬಾಯಿಗೆ ಬೀಳುತ್ತದೆ. ಅವನ್ನು ಮುಚ್ಚಿ ಅಟ್ಟದ ಮೇಲಿಡಿ, ಇಲ್ಲವೇ ಮೂರನೆಯ ದಿನವೇ ಹಂಚಿಬಿಡಿ.

ದೊಡ್ಡಪ್ಪ: ಹಾಗಾದರೆ ಎಲೆಯ ಊಟಕ್ಕೆ ನಿನ್ನ ತಕರಾರು ಇಲ್ಲ.

ನಾನು: ಎಲೆಗೆ ಇಲ್ಲ, ಬಡಿಸುವವರ ಕೈಗೆ ಇದೆ. ನಮ್ಮ ಎಲೆ ಚೆನ್ನಾಗಿಯೇ ಇದೆ. ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ ಮೊದಲು ಬರುತ್ತವೆ. ಅವನ್ನು ತಿಂದು ಮುಗಿಸಿ ಅನ್ನಕ್ಕೆ ಕೈ ಹಾಕಿದರೆ ಸಕ್ಕರೆ ಏರುವುದೂ ನಿಧಾನ. ಆದರೆ ನಾವು ಪಲ್ಯವನ್ನು ಒಂದು ಚಮಚ ಹಾಕಿ ಮುಂದೆ ಹೋಗುತ್ತೇವೆ, ಸಿಹಿಯನ್ನು ಮೂರು ಸುತ್ತು ತರುತ್ತೇವೆ. ಹೋದ ವರ್ಷ ಅಪ್ಪ ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಬಡಿಸುತ್ತಿದ್ದವರು ಬೆರಳ ಸಂದಿಯಲ್ಲೇ ಕಜ್ಜಾಯ ಜಾರಿಸಿದರು, ಮೇಲೆ ತುಪ್ಪ ಹೊಯ್ದರು. ತುಪ್ಪದ ಒಂದೊಂದು ಗ್ರಾಂ ಒಂಬತ್ತು ಕ್ಯಾಲೊರಿ, ಒಂದು ದೊಡ್ಡ ಚಮಚಕ್ಕೆ ನೂರಮೂವತ್ತರ ಹತ್ತಿರ. ಎಲೆಯಲ್ಲಿ ಬಿಡಬಾರದೆಂದು ಅಪ್ಪ ಅದನ್ನೂ ತಿಂದರು.

ಸರೋಜ ದೊಡ್ಡಮ್ಮ: ಬಡಿಸಿದ್ದು ನಾನೇ.

ನಾನು: ನೀವೆಂದು ಗೊತ್ತು ದೊಡ್ಡಮ್ಮ. ಪ್ರೀತಿಯಿಂದ ಬಡಿಸಿದಿರಿ ಎಂಬುದೂ ಗೊತ್ತು. ಅದಕ್ಕೇ ಗುಂಪಿನಲ್ಲೇ ಕೇಳುತ್ತಿದ್ದೇನೆ. ಈ ಸಲ ಯಾರಾದರೂ ಬೇಡ ಎಂದರೆ ಅಲ್ಲಿಗೇ ಬಿಡೋಣ.

ದೊಡ್ಡಪ್ಪ: ಬಲವಂತ ಮಾಡದಿದ್ದರೆ ಬಂದವರು ಏನೆಂದುಕೊಳ್ಳುತ್ತಾರೆ? ಉಪಚಾರ ಎಂದರೆ ಅದೇ ಅಲ್ಲವೇ?

ಶ್ರೀಧರ ಚಿಕ್ಕಪ್ಪ: ಅಣ್ಣ, ಬರುವವರು ನಾವೇ ಅಲ್ಲವೇ? ನಾನು ಏನೂ ಅಂದುಕೊಳ್ಳುವುದಿಲ್ಲ.

ಸರೋಜ ದೊಡ್ಡಮ್ಮ: ಸಂದೇಶ ಅಳಿಸಿದ್ದೇನೆ. ಕಜ್ಜಾಯವನ್ನು ಈ ಸಲ ಅಂಗೈ ಅಗಲಕ್ಕೆ ತಟ್ಟುವುದಿಲ್ಲ, ನಿಂಬೆಗಾತ್ರದ ಹಿಟ್ಟು ತೆಗೆದು ಚಿಕ್ಕದಾಗಿ ತಟ್ಟುತ್ತೇನೆ. ಬಾಣಲೆಯಿಂದ ತೆಗೆದ ಮೇಲೆ ಎರಡು ಸಟ್ಟುಗದ ನಡುವೆ ಚೆನ್ನಾಗಿ ಒತ್ತಬೇಕು, ಎಣ್ಣೆ ಸೋರಿ ಹೋಗುತ್ತದೆ. ನನ್ನೊಬ್ಬಳ ಕೈಗೆ ಆಗದು. ವಿದ್ಯಾ, ನೀನು ಹಿಂದಿನ ದಿನವೇ ಬಂದುಬಿಡು. ಶ್ರೀಧರ, ನಿನ್ನ ಇಡ್ಲಿ ಎಂಟು ಗಂಟೆಗೆ ಸಿದ್ಧವಿರುತ್ತದೆ.