ಶಾರ್ಟ್ ಬರ್ಸ್ಟ್ ಹಿಡಿಯಲು ಮಾಸ್ಕ್ ಬೇಕಾ, ಹರಳು ಸಾಕಾ? ಅನುಭವ ಇದ್ದವರು ಹೇಳಿ

ಹೊಸ_ಪೇಲೋಡ್: ನಮ್ಮದು ಸಣ್ಣ ತಂಡ, ಪುಟ್ಟ ಉಪಗ್ರಹ. ಶಾರ್ಟ್ ಗಾಮಾ ಬರ್ಸ್ಟ್ (ದೂರದ ಆಕಾಶದಿಂದ ಕ್ಷಣಕಾಲ ಬರುವ ಗಾಮಾ ಕಿರಣಗಳ ಮಿಂಚು) ಹಿಡಿದು, ಎಲ್ಲಿಂದ ಬಂತು ಅಂತಲೂ ಹೇಳಬೇಕು. ತೂಕಕ್ಕೆ ತುಂಬಾ ಕಟ್ಟುನಿಟ್ಟು. ಕೋಡೆಡ್ ಮಾಸ್ಕ್ (ಸೀಸದ ಬಿಲ್ಲೆಗಳ ಜಾಲರಿ, ಅದರ ನೆರಳಿನಿಂದ ದಿಕ್ಕು ಗೊತ್ತಾಗುತ್ತೆ) ಹಾಕೋಣವಾ, ದಿಕ್ಕಿಗೊಂದು ಸಿಂಟಿಲೇಟರ್ ಹರಳು (ಗಾಮಾ ಕಿರಣ ಬಿದ್ದರೆ ಮಿನುಗುವಂಥದ್ದು) ಇಡೋಣವಾ?

ಸೀಸದ_ಜಾಲರಿ: ಮಾಸ್ಕ್. ಯೋಚನೆಯೇ ಬೇಡ. 2005ರ ಮೇ 9ರ ಬರ್ಸ್ಟ್ ಒಂದು ಸೆಕೆಂಡಿನ ಹತ್ತನೇ ಒಂದು ಪಾಲೂ ಇರಲಿಲ್ಲ. ಆದರೂ ನಾಸಾದ ಸ್ವಿಫ್ಟ್ ಉಪಗ್ರಹ ಮಾಸ್ಕ್ ನೆರಳಿನಿಂದ ಜಾಗ ಹಿಡಿದು, ಸುಮಾರು ಒಂದು ನಿಮಿಷದಲ್ಲಿ ಎಕ್ಸ್‌ರೇ ದೂರದರ್ಶಕವನ್ನು ಅತ್ತ ತಿರುಗಿಸಿತು. ಸಿಕ್ಕಿದ್ದು 11 ಫೋಟಾನ್. ಶಾರ್ಟ್ ಬರ್ಸ್ಟ್‌ನ ಆಫ್ಟರ್‌ಗ್ಲೋ (ಮಿಂಚಿನ ನಂತರ ಉಳಿಯುವ ಮಂಕು ಹೊಳಪು) ಸಿಕ್ಕಿದ್ದು ಅದೇ ಮೊದಲು. ನಮ್ಮ ಮಾಸ್ಕ್‌ಗೆ ಎರಡು ವರ್ಷ ಹಿಡಿಯಿತು. ಕಂಪನ ಪರೀಕ್ಷೆಯಲ್ಲಿ ಏಳು ಸೀಸದ ಬಿಲ್ಲೆ ಉದುರಿದವು. ಅಂಟು ಬದಲಿಸಿದೆವು, ಇನ್ನೂ ಮೂರು ಉದುರಿದವು. ಮೂರನೇ ಅಂಟು ನಿಂತಿತು, ಆದರೆ 400 ಗ್ರಾಂ ಜಾಸ್ತಿಯಾಯಿತು. ಆ 400 ಗ್ರಾಮಿಗೆ ಒಂದು ಬ್ಯಾಟರಿ ತೆಗೆದುಹಾಕಿದೆವು. ಪಶ್ಚಾತ್ತಾಪವೇನೂ ಇಲ್ಲ.

ಎಂಟು_ಹರಳು: ಬ್ಯಾಟರಿ ತೆಗೆದು ಮಾಸ್ಕ್ ಉಳಿಸಿಕೊಂಡವರು ಸಲಹೆ ಕೊಡ್ತಾರೆ! 2017ರ ಆಗಸ್ಟ್ 17ರಂದು ನಿಮ್ಮ ಸ್ವಿಫ್ಟ್‌ಗೆ ಭೂಮಿ ಅಡ್ಡ ಬಂದಿತ್ತು ಸ್ವಾಮಿ. ಎರಡು ನ್ಯೂಟ್ರಾನ್ ನಕ್ಷತ್ರ ಡಿಕ್ಕಿಯಾದ ಗುರುತ್ವ ಅಲೆ ಬಂದ 1.7 ಸೆಕೆಂಡಿಗೆ ಗಾಮಾ ಮಿಂಚು ಕಂಡಿದ್ದು ಫರ್ಮಿ ಉಪಗ್ರಹದ ಹರಳುಗಳಿಗೆ. ಭೂಮಿ ಮರೆಮಾಡದ ಆಕಾಶವೆಲ್ಲ ಅದಕ್ಕೆ ಕಾಣುತ್ತೆ. ನಾವೂ ಹರಳೇ ಹಾಕಿದೆವು. ಆದರೆ ಮೊದಲ ವಾರ ದಿನಕ್ಕೆ ಹತ್ತಾರು ಟ್ರಿಗರ್ (ಬರ್ಸ್ಟ್ ಬಂತು ಅನ್ನೋ ಸೂಚನೆ). ಪಾರ್ಟಿ ಮಾಡಿದೆವು. ಆಮೇಲೆ ಬಿಡಿಸಿ ನೋಡಿದರೆ ಪ್ರತಿ ಸಲವೂ ಒಂದೇ ಹರಳಲ್ಲಿ ಚೂಪು ಏರಿಕೆ, ಪಕ್ಕದ್ದರಲ್ಲಿ ಏನೂ ಇಲ್ಲ. ಭಾರವಾದ ಕಾಸ್ಮಿಕ್ ಕಣ ಬಡಿದು ಹರಳು ಸ್ವಲ್ಪ ಹೊತ್ತು ಮಿನುಗಿದ್ದು ಅಷ್ಟೇ. ನೋಡೋಕೆ ಥೇಟ್ ಶಾರ್ಟ್ ಬರ್ಸ್ಟ್. ಎರಡು ಹರಳಲ್ಲಿ ಒಟ್ಟಿಗೆ ಏರಿದರೆ ಮಾತ್ರ ಟ್ರಿಗರ್ ಅಂತ ಸಾಫ್ಟ್‌ವೇರ್ ಬದಲಿಸಲು ನಾಲ್ಕು ತಿಂಗಳು ಹೋಯಿತು.

ರಾತ್ರಿ_ಪಾಳಿ: ನೀವು ಕಂಡಿರಿ, ದೂರದರ್ಶಕದಲ್ಲಿ ಹುಡುಕುವ ಪಾಡು ನಮ್ಮದು. ಹರಳುಗಳ ಎಣಿಕೆ ಹೋಲಿಸಿ ದಿಕ್ಕು ಹೇಳ್ತೀರಿ. ಫೋಟಾನ್ ಕಡಿಮೆ, ಜೊತೆಗೆ ಭೂಮಿಯ ವಾತಾವರಣದಿಂದ, ಉಪಗ್ರಹದ ಮೈಯಿಂದ ಚದುರಿ ಬಂದವೂ ಸೇರಿರುತ್ತವೆ. 10 ಡಿಗ್ರಿ ಆಚೀಚೆ ಅಂದರೆ ಸುಮಾರು 1,500 ಹುಣ್ಣಿಮೆ ಚಂದ್ರ ಹಿಡಿಸುವ ಜಾಗ. ಆರು ರಾತ್ರಿ ಜರಡಿ ಹಿಡಿದೆ, ಸಿಕ್ಕಿದ್ದು ಎರಡು ಕ್ಷುದ್ರಗ್ರಹ. 2017ರಲ್ಲೂ ಎನ್‌ಜಿಸಿ 4993 (ಆ ಮಿಂಚು ಬಂದ ಗ್ಯಾಲಕ್ಸಿ) ಸಿಕ್ಕಿದ್ದು ಗುರುತ್ವ ಅಲೆ ಹಿಡಿಯುವ ಲೈಗೋ, ವರ್ಗೋ ಸೇರಿ ಜಾಗವನ್ನು ಸುಮಾರು 30 ಚದರ ಡಿಗ್ರಿಗೆ ಇಳಿಸಿದ್ದರಿಂದ. ಹರಳಿನಿಂದಲ್ಲ.

ಎಂಟು_ಹರಳು: ಮಿಂಚು ಕಂಡಿದ್ದು ಯಾರಿಗೆ ಅಂತ ಮಾತ್ರ ಹೇಳಿದ್ದು ನಾನು. ಓದಿ.

ಗಡಿಯಾರ_ಕೆಟ್ಟವ: ಇಬ್ಬರ ಜಗಳದ ಮಧ್ಯೆ ಒಂದು ಮಾತು. ಮೂರು ಉಪಗ್ರಹ ಹಾರಿಸಿ, ಬರ್ಸ್ಟ್ ಯಾವುದಕ್ಕೆ ಮೊದಲು ತಲುಪಿತು ಅಂತ ನೋಡಿ ದಿಕ್ಕು ಹಿಡಿಯಲು ಹೋದವರು ನಾವು. ಭೂಮಿಯ ಅಡ್ಡಳತೆ ದಾಟಲು ಬೆಳಕಿಗೆ ಬರೀ 43 ಮಿಲಿಸೆಕೆಂಡ್. ನಮ್ಮ ಒಂದು ಗಡಿಯಾರ 20 ಮಿಲಿಸೆಕೆಂಡ್ ಹಿಂದೆ ಓಡುತ್ತಿತ್ತು. ಹನ್ನೊಂದು ತಿಂಗಳು ಯಾರಿಗೂ ಗೊತ್ತಾಗಲಿಲ್ಲ.

ರಾತ್ರಿ_ಪಾಳಿ: ಅಂದರೆ ನೀವು ಕಳಿಸಿದ ಆ ಎರಡು ಅಲರ್ಟ್...

ಗಡಿಯಾರ_ಕೆಟ್ಟವ: ಹೌದು. ಕ್ಷಮಿಸಿ.

ಎರಡು_ಸೆಕೆಂಡ್: 'ಶಾರ್ಟ್' ಅಂದರೆ 2 ಸೆಕೆಂಡ್ ಒಳಗಿನದು ಅಂತ ಎಲ್ಲರೂ ಸುಮ್ನೆ ಒಪ್ಪಿದ್ದೀರಲ್ಲ? 2021ರ ಡಿಸೆಂಬರ್ 11ರದು ಅರ್ಧ ನಿಮಿಷ ದಾಟಿತ್ತು, ಆದರೂ ಕಿಲೋನೋವಾ (ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯ ಹೊಳಪು, ಸಾಮಾನ್ಯವಾಗಿ ಶಾರ್ಟ್ ಬರ್ಸ್ಟ್‌ನ ಗುರುತು) ಕಂಡಿತು. 2020ರ ಆಗಸ್ಟ್ 26ರದು ಸುಮಾರು ಒಂದು ಸೆಕೆಂಡ್, ಅದು ದೊಡ್ಡ ನಕ್ಷತ್ರ ಕುಸಿದದ್ದು, ಸಾಮಾನ್ಯವಾಗಿ ಉದ್ದದ ಬರ್ಸ್ಟ್‌ಗಳ ಮೂಲ. ಅವಧಿ ನೋಡಿ ಎಸೆಯುವ ಫಿಲ್ಟರ್ ಹಾಕಿ ನಾನು ಒಳ್ಳೆಯದೊಂದನ್ನು ಕಳೆದುಕೊಂಡೆ.

ಸೀಸದ_ಜಾಲರಿ: ಇದು ಮಾಸ್ಕ್ ಬಗ್ಗೆ ಕೇಳಿದ ಪ್ರಶ್ನೆ.

ಎರಡು_ಸೆಕೆಂಡ್: ಪ್ರಶ್ನೆ ಕೇಳಿದವರ ತೂಕ ಎಷ್ಟು ಅಂತ ನೀವು ಕೇಳಿದಿರಾ?

ಹೊಸ_ಪೇಲೋಡ್: ಪೇಲೋಡ್‌ಗೆ ಒಟ್ಟು ಮೂರು ಕಿಲೋ.

ಸೀಸದ_ಜಾಲರಿ: ನಮ್ಮ ಮಾಸ್ಕೇ ನಾಲ್ಕೂವರೆ ಇತ್ತು. ಅಂಟು ಬಿಟ್ಟು.